ನೆಲ ತಪ್ಪಿದ ವರ್ಷ

ಈ ವರ್ಷದ ಕ್ಯಾಲೆಂಡರಿನಲ್ಲಿ ಜ್ಯೇಷ್ಠ ಮಾಸ ಎರಡು ಸಲ ಬಂದಿದೆ. ಮೊದಲು ಅಧಿಕ ಜ್ಯೇಷ್ಠ, ಅದರ ಬೆನ್ನಿಗೇ ನಿಜ ಜ್ಯೇಷ್ಠ. ಅಡುಗೆಮನೆಯ ಗೋಡೆಯಲ್ಲಿ ಅದನ್ನು ಕಂಡು ನನ್ನಷ್ಟಕ್ಕೆ ನಾನೇ ನಕ್ಕ ವಾರದಲ್ಲೇ ಆಂಧ್ರದ ಗಡಿಯ ಕಲ್ಯಾಣದುರ್ಗದಿಂದ ಚಿಕ್ಕಮ್ಮನ ಫೋನು ಬಂತು. "ನರ್ಸಿಂಗ್ ಹೋಮ್ ಮುಚ್ತಾ ಇದೀನಿ ಕಣೆ. ಕೈ ನಡುಗೋಕೆ ಶುರುವಾಗಿದೆ, ಇನ್ನು ಸಾಕು. ನಿನ್ನ ಹಳೇ ಪುಸ್ತಕ ಒಂದು ರಾಶಿ ಇದೆ ಇಲ್ಲಿ, ಬಂದು ತಗೊಂಡ್ಹೋಗು" ಅಂದಳು. ಪುಸ್ತಕ ಅನ್ನುವುದು ನೆಪ ಅಂತ ಇಬ್ಬರಿಗೂ ಗೊತ್ತು. ಆ ಪುಸ್ತಕಗಳಲ್ಲಿರುವ ಔಷಧಿಗಳಲ್ಲಿ ಅರ್ಧವನ್ನು ಈಗ ಯಾರೂ ಬರೆಯುವುದಿಲ್ಲ.

ಬೆಂಗಳೂರಿನಿಂದ ಕಾರಿನಲ್ಲಿ ಹೋಗಬಹುದಿತ್ತು. ಆದರೆ ಆಗ ಹೋಗುತ್ತಿದ್ದ ಹಾಗೇ ಹೋಗಬೇಕು ಅನ್ನಿಸಿ ಬೆಳಗಿನ ರೈಲಿನಲ್ಲಿ ಹಿಂದೂಪುರಕ್ಕೆ ಬಂದಿಳಿದೆ. ಮಾರುಕಟ್ಟೆಯ ಕಡೆಯಿಂದ ಹುಣಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿ ಮೂರೂ ಕಲೆತ ವಾಸನೆ ಗಾಳಿಯಲ್ಲಿ ಬಂದು ಮೂಗಿಗೆ ಬಡಿಯಿತು. ಸಾಲಾಗಿ ನಾಲ್ಕು ಸೀನು ಸೀನಿದೆ. ಪಕ್ಕದಲ್ಲಿದ್ದ ಹೆಂಗಸು "ಊರಿಗೆ ಹೊಸಬರಾ?" ಅಂತ ಕೇಳಿದಳು. ಹೊಸಬಳಲ್ಲ, ಮೊದಲ ಸಲ ಇಲ್ಲಿ ಇಳಿದಾಗಲೂ ಹೀಗೇ ಸೀನಿದ್ದೆ ಎಂದು ಹೇಳುವಷ್ಟರಲ್ಲಿ ಕಲ್ಯಾಣದುರ್ಗದ ಬಸ್ಸು ಬಂದು ನಿಂತಿತು. ಬಸ್ಸು ರೊದ್ದಂ ದಾಟಿ ಕೆಂಪು ಮಣ್ಣಿನ ಹೊಲಗಳ ನಡುವೆ ಓಡುವಾಗ ಆ ಒಂದು ವರ್ಷ ಪೂರ್ತಿ ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತಿತು.

ಹತ್ತೊಂಬತ್ತು ಇಪ್ಪತ್ತು ವರ್ಷದ ಹಿಂದೆ ನಾನು ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕಕ್ಕೆ ಹೋಗಿ ಮಕ್ಕಳ ವೈದ್ಯಕೀಯ ಓದುತ್ತೇನೆಂದು ಹಟ ಹಿಡಿದಿದ್ದೆ. ಹೌಸ್ ಸರ್ಜನ್ ಆಗಿದ್ದಾಗ ನವಜಾತ ಶಿಶುಗಳ ವಾರ್ಡಿನಲ್ಲಿ ಎರಡು ತಿಂಗಳು ಇದ್ದೆ. ಅಂಗೈಯಲ್ಲಿ ಹಿಡಿಸುವ ಮಕ್ಕಳು ಮೆಲ್ಲಗೆ ಉಸಿರಾಡತೊಡಗುವುದನ್ನು ನೋಡಿದ ಮೇಲೆ ಬೇರೆ ಯಾವ ವಿಭಾಗವೂ ಮನಸ್ಸಿಗೆ ಹಿಡಿಸಲಿಲ್ಲ. ಆ ವಿದ್ಯೆಯನ್ನು ಚೆನ್ನಾಗಿ ಕಲಿಸುವ ದೊಡ್ಡ ಆಸ್ಪತ್ರೆಗಳಿಗೆ ಪ್ರಪಂಚದ ಎಲ್ಲ ಕಡೆಯಿಂದ ಅರ್ಜಿ ಬೀಳುತ್ತಿದ್ದವು. ಅರ್ಜಿ ಹಾಕಲು ಅಲ್ಲಿನ ಲೈಸೆನ್ಸ್ ಪರೀಕ್ಷೆಗಳನ್ನು ಬರೆಯಬೇಕು: ಮೊದಲು ಸ್ಟೆಪ್ ಒನ್, ಆಮೇಲೆ ಸ್ಟೆಪ್ ಟೂ. ಅದರಲ್ಲೊಂದು ಕಟ್ಟುನಿಟ್ಟಿತ್ತು. ಒಮ್ಮೆ ಪಾಸಾದರೆ ಮುಗಿಯಿತು, ಅಂಕ ಕಡಿಮೆ ಬಂತೆಂದು ಇನ್ನೊಂದು ಸಲ ಬರೆಯುವಂತಿಲ್ಲ. ಬಂದ ಅಂಕ ಹಣೆಯ ಮೇಲೆ ಅಂಟಿಕೊಂಡೇ ಇರುತ್ತದೆ.

ಮೈಸೂರಿನ ಮನೆಯಲ್ಲಿ ಕೂತು ಓದಲು ಆಗುತ್ತಿರಲಿಲ್ಲ. ಬಂದವರೆಲ್ಲ "ಇನ್ನೂ ಓದ್ತಾ ಇದೀಯಾ?" ಅಂತ ಕೇಳುತ್ತಿದ್ದರು. ಅಮ್ಮನ ತಂಗಿ ಕಲ್ಯಾಣದುರ್ಗದ ಮನೆಗೆ ಸೊಸೆಯಾಗಿ ಹೋಗಿ, ಅಲ್ಲೇ ಸಣ್ಣದೊಂದು ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದಳು. "ನನ್ನ ಹತ್ರ ಬಾ. ಬೆಳಿಗ್ಗೆ ನನಗೆ ಸಹಾಯ ಮಾಡು, ಮಧ್ಯಾಹ್ನದ ಮೇಲೆ ಓದ್ಕೋ" ಅಂದಳು. ಸ್ಟೆಪ್ ಒನ್ ಬರೆದು ಮುಗಿಸಿ, ಅಂಕಕ್ಕೆ ಕಾಯುತ್ತ ನಾನು ಅಲ್ಲಿಗೆ ಬಂದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಅಂಕ ಬಂತು. ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿನಲ್ಲಿ ಪರದೆ ತೆರೆದುಕೊಳ್ಳುವಷ್ಟರಲ್ಲಿ ಉಗುರು ಕಚ್ಚಿ ಮುಗಿದಿತ್ತು. ಪಾಸು. ಅಂಕ ಮಾತ್ರ ಅಳುವಷ್ಟು ಕೆಟ್ಟದ್ದಲ್ಲ, ಹೇಳಿಕೊಳ್ಳುವಷ್ಟು ಒಳ್ಳೆಯದೂ ಅಲ್ಲ. ದೊಡ್ಡ ಆಸ್ಪತ್ರೆಗಳು ಇಂಥ ಅಂಕ ಕಂಡರೆ ಮುಂದಿನ ಅರ್ಜಿ ಎತ್ತಿಕೊಳ್ಳುತ್ತವೆ ಅಂತ ನನಗೆ ಗೊತ್ತಿತ್ತು. ಮುಖ ತೊಳೆದುಕೊಂಡು ಬಂದು ರೋಗಿಗಳನ್ನು ನೋಡಲು ಕೂತೆ.

ಮೊದಲು ಒಳಗೆ ಬಂದವರು ಸೆಟ್ಟೂರು ಕಡೆಯ ಅತ್ತೆ ಸೊಸೆ. ಅತ್ತೆ ಹನುಮಕ್ಕ, ಗಟ್ಟಿ ಆಳು, ಗಟ್ಟಿ ಗಂಟಲು. ಸೊಸೆ ರತ್ನ ಸಣಕಲು ಹುಡುಗಿ, ಕುಂಟುತ್ತ ಬಂದು ಸ್ಟೂಲಿನ ಮೇಲೆ ಕೂತಳು.

"ಏನಾಯ್ತಮ್ಮ?" ಅಂದೆ.

"ನನ್ ಸೊಸೆಗೆ ನೆಲ ತಪ್ಪೈತೆ ಡಾಕ್ಟ್ರಮ್ಮ" ಅಂದಳು ಹನುಮಕ್ಕ.

ನನ್ನ ಮೈಸೂರಿನ ಕಿವಿಗೆ ನೆಲ ಅಂದರೆ ನೆಲವೇ. ಎಲ್ಲೋ ಕಾಲು ಜಾರಿ ಬಿದ್ದಿದ್ದಾಳೆ ಪಾಪ ಅಂದುಕೊಂಡೆ. ಮಂಚದ ಮೇಲೆ ಮಲಗಿಸಿ ಪಾದ ಹಿಡಿದೆ.

"ಎಲ್ಲಿ ಬಿದ್ದೆ?"

"ಎಲ್ಲೂ ಬೀಳ್ಲಿಲ್ಲ" ಅಂದ ರತ್ನ ಅತ್ತೆಯ ಮುಖ ನೋಡಿದಳು.

"ನಾಚಿಕೆ ಬೇಡ, ಹೇಳು. ಇಲ್ಲಿ ಒತ್ತಿದ್ರೆ ನೋವಿದೆಯಾ?"

"ಇಲ್ಲ."

"ಇಲ್ಲಿ?"

"ಕಚಗುಳಿ ಆಯ್ತದೆ" ಅಂದು ಹುಡುಗಿ ಕಾಲು ಎಳೆದುಕೊಂಡಳು.

ಯಾವುದಕ್ಕೂ ಇರಲಿ ಎಂದು ಬಟ್ಟೆಯ ಪಟ್ಟಿ ತೆಗೆದು ಹಿಮ್ಮಡಿಗೆ ಸುತ್ತಲು ಶುರುಮಾಡಿದೆ. ಹನುಮಕ್ಕ, ದೊಡ್ಡ ಊರಿನಲ್ಲಿ ಈಗ ಹೀಗೂ ನೋಡುತ್ತಾರೇನೋ ಎಂಬಂತೆ ಸುಮ್ಮನೆ ನಿಂತಿದ್ದಳು. ಅಷ್ಟರಲ್ಲಿ ನರ್ಸ್ ಸರೋಜಮ್ಮ ಒಳಗೆ ಬಂದರು. ಇಪ್ಪತ್ತು ವರ್ಷದಿಂದ ಚಿಕ್ಕಮ್ಮನ ಜೊತೆಗಿದ್ದವರು. ಅರ್ಧ ವಾಕ್ಯ ತೆಲುಗು, ಅರ್ಧ ಕನ್ನಡ. ನನ್ನ ಕೈಯಲ್ಲಿದ್ದ ಪಟ್ಟಿ ನೋಡಿ, ವಿಷಯ ಕೇಳಿ, ಹಣೆ ಚಚ್ಚಿಕೊಂಡರು.

"ಅಯ್ಯೋ ದೇವುಡಾ! ಕಾಲು ಕಾದಮ್ಮಾ, ಕಡುಪು! ಕಾಲಲ್ಲ, ಹೊಟ್ಟೆ! ನೆಲ ಅಂದ್ರೆ ತೆಲುಗ್ನಾಗೆ ತಿಂಗ್ಳು. ಈವಮ್ಮ ಬಸಿರಿ ಅಂತ ಹೇಳಾಕೆ ಬಂದವ್ರೆ, ನೀವ್ ನೋಡಿದ್ರೆ ಪಟ್ಟಿ ಕಟ್ತಾ ಇದ್ದೀರಿ!"

ಕುಂಟಿದ್ದು ಬಸ್ಸಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿದ್ದಕ್ಕೆ. ರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಹನುಮಕ್ಕ ಬಾಯಿ ಬಿಟ್ಟೇ ನಕ್ಕಳು, ಆಮೇಲೆ ಹೊರಗೆ ಕೂತಿದ್ದವರೂ ಕಾರಣ ಕೇಳಿಕೊಂಡು ನಕ್ಕರು. ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಅಳು ನನಗೂ ನಗುವಾಗಿ ಹೊರಗೆ ಬಂತು. ಚಿಕ್ಕಮ್ಮ ರತ್ನಳನ್ನು ಪರೀಕ್ಷೆ ಮಾಡಿ, ಒಂದು ತಿಂಗಳು ತಪ್ಪಿದೆ, ಎಲ್ಲ ಸರಿಯಾಗಿದೆ ಅಂದಳು. ಸಂಕ್ರಾಂತಿ ಮುಗಿದ ಮೇಲೆ ರತ್ನ ಗಂಡನ ಜೊತೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಳೆಂದು ಕೇಳಿದೆ. ನನಗೆ ಮಾತ್ರ ಊರು 'ನೆಲ ಡಾಕ್ಟ್ರಮ್ಮ' ಅಂತ ಹೆಸರಿಟ್ಟಿತು. ಬೆಳುಗುಪ್ಪದಿಂದ ಬಂದ ಯಾವುದೋ ಮುದುಕಿ ಕೂಡ, "ನೆಲ ಡಾಕ್ಟ್ರಮ್ಮ ಅವ್ರಾ? ಅವ್ರಿಗೆ ನನ್ ಮಂಡಿನೋವು ತೋರಿಸ್ಬೇಕು" ಅಂತ ಹುಡುಕಿಕೊಂಡು ಬಂದಳು.

ಆ ಬೇಸಿಗೆಯ ಬಿಸಿಲನ್ನು ಹೇಗೆ ಹೇಳಲಿ. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು, ಹಿಂದಿನ ಹಜಾರದ ತಣ್ಣನೆ ಚಪ್ಪಡಿಯ ಮೇಲೆ ಬೋರಲು ಮಲಗಿ ಓದುತ್ತಿದ್ದೆ. ಓದಿದ್ದಕ್ಕಿಂತ, ಸ್ಟೆಪ್ ಟೂ ಯಾವಾಗ ಬರೆಯಲಿ ಎಂದು ಯೋಚಿಸಿದ್ದೇ ಹೆಚ್ಚು. ಸೆಪ್ಟೆಂಬರ್ ಮೊದಲಲ್ಲಿ ಆಸ್ಪತ್ರೆಗಳು ಅರ್ಜಿ ತೆರೆದು ನೋಡುತ್ತವೆ. ಅಂಕ ಬರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಅಂದರೆ ಜುಲೈ ಒಳಗೆ ಬರೆದರೆ ಎರಡು ಅಂಕ ಅವರ ಕಣ್ಣಿಗೆ ಬೀಳುತ್ತವೆ, ಆಗಸ್ಟಿನಲ್ಲಿ ಬರೆದರೆ ಒಂದೇ. ನನ್ನ ಸೀನಿಯರ್ ರಾಗಿಣಿ ಆಗಲೇ ಅಲ್ಲಿ ಸೇರಿಕೊಂಡಿದ್ದಳು. ಫೋನಿನಲ್ಲಿ ಅವಳನ್ನು ಕೇಳಿದೆ.

"ಲೆಕ್ಕ ಸುಲಭ ಕಣೇ" ಅಂದಳು. "ಮೊದಲನೇದಕ್ಕಿಂತ ಚೆನ್ನಾಗಿ ಬರೀತೀನಿ ಅನ್ನೋ ಧೈರ್ಯ ಇದ್ರೆ ಜುಲೈನಲ್ಲಿ ಬರಿ. ಹೊಸ ಅಂಕ ನೋಡಿ ಹಳೇದನ್ನ ಕ್ಷಮಿಸ್ತಾರೆ. ನಿನ್ನ ಅರ್ಜಿ ಉಳಿಯೋಕೆ ಇರೋ ದಾರಿ ಅದೊಂದೇ. ಧೈರ್ಯ ಇಲ್ದಿದ್ರೆ ಆಗಸ್ಟ್ ಕೊನೆಗೆ ಬರಿ. ಎರಡು ಸುಮಾರು ಅಂಕ ಕಾಣೋದಕ್ಕಿಂತ ಒಂದೇ ಕಾಣೋದು ವಾಸಿ."

"ಧೈರ್ಯ ಇದೆಯೋ ಇಲ್ವೋ ಅಂತ್ಲೇ ಗೊತ್ತಿಲ್ದಿದ್ರೆ?"

"ಅದನ್ನ ನನಗೆ ಐಎಸ್‌ಡಿ ಮಾಡಿ ಕೇಳಿದ್ರೆ ನಾನೇನು ಹೇಳ್ಲಿ?"

ಪರೀಕ್ಷೆ ಬರೆಯಲು ನನಗೆ ಕೊಟ್ಟಿದ್ದು ಮೂರು ತಿಂಗಳ ಅವಧಿ: ಜೂನ್, ಜುಲೈ, ಆಗಸ್ಟ್. ಧೈರ್ಯ ಬಂದ ಒಂದು ದಿನ ಬೆಂಗಳೂರಿನ ಕೇಂದ್ರದಲ್ಲಿ ಜುಲೈ ಕೊನೆಯ ವಾರಕ್ಕೆ ಸೀಟು ಗೊತ್ತು ಮಾಡಿಬಿಟ್ಟೆ. ವಿಷಯ ಮನೆಯಲ್ಲಿ ಹೇಳಿದ್ದೇ ತಡ, ಚಿಕ್ಕಮ್ಮನ ಅತ್ತೆ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವರು, ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟರು.

"ಅವತ್ತು ಆಷಾಢ ಕಣಮ್ಮ! ಆಷಾಡ್ದಾಗೆ ಯಾರಾರ ಇಂಥ ಕೆಲಸಕ್ಕೆ ಕೈ ಹಾಕ್ತಾರಾ?"

"ಪ್ರತಿ ವರ್ಷ ಆ ಹೊತ್ತಿಗೆ ಶ್ರಾವಣ ಬಂದಿರತ್ತಲ್ಲ ಅಜ್ಜಿ?"

"ಬತ್ತಿತ್ತು. ಈ ವರ್ಷ ಅಧಿಕ ಮಾಸ ಬಂದ್ಬುಟ್ಟೈತಲ್ಲ. ಜೇಷ್ಠ ಎಲ್ಡು. ಅದು ನಡುವೆ ತೂರ್ಕೊಂಡು ಎಲ್ಲಾನೂ ಒಂದ್ ತಿಂಗ್ಳು ಮುಂದಕ್ ತಳ್ಳೈತೆ. ನೀನೂ ಒಂದ್ ತಿಂಗ್ಳು ತಳ್ಳು, ಶ್ರಾವಣದಾಗೆ ಬರಿ, ಎಲ್ಲ ಒಳ್ಳೇದಾಯ್ತದೆ."

ನಾನು ಆಷಾಢವನ್ನು ನಂಬುವವಳಲ್ಲ. ಆದರೆ ಜುಲೈ ಹತ್ತಿರವಾದಂತೆ ಅಜ್ಜಿಯ ಮಾತು ನನಗೆ ಬಹಳ ಹಿಡಿಸತೊಡಗಿತು. ಮಾದರಿ ಪರೀಕ್ಷೆಗಳಲ್ಲಿ ಒಂದು ದಿನ ಅಂಕ ಮೇಲಕ್ಕೆ ಹೋದರೆ ಮಾರನೆಯ ದಿನ ಕೆಳಗೆ ಬರುತ್ತಿತ್ತು. ಬೆಳಗಿನ ಹೊತ್ತೆಲ್ಲ ರೋಗಿಗಳಲ್ಲಿ ಕಳೆದುಹೋಯಿತು, ನನ್ನ ಓದಿನ ಆರೇಳು ತಿಂಗಳು ದಂಡವಾಯಿತು ಅಂತ ಚಿಕ್ಕಮ್ಮನ ಮೇಲೆ ಒಳಗೊಳಗೇ ಸಿಟ್ಟು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಇನ್ನೊಂದು ಸುಮಾರು ಅಂಕ ಬಂದರೆ ಆ ಪುಟ್ಟ ಮಕ್ಕಳ ವಾರ್ಡು ನನ್ನ ಪಾಲಿಗೆ ಮುಗಿದ ಹಾಗೆ ಅನ್ನಿಸುತ್ತಿತ್ತು. ಬರೆಯದಿದ್ದರೆ ಕನಿಷ್ಠ ಆಸೆಯಾದರೂ ಉಳಿಯುತ್ತದಲ್ಲ.

ಕೊನೆಗೆ ದಿನ ಮುಂದೂಡುವುದೆಂದು ತೀರ್ಮಾನಿಸಿದೆ. ಹಾಗೆ ಬದಲಾಯಿಸಬೇಕಾದರೆ ಪರೀಕ್ಷೆಗೆ ಕೆಲವು ದಿನ ಮೊದಲೇ ಕಂಪ್ಯೂಟರಿನಲ್ಲಿ ಮಾಡಬೇಕಿತ್ತು. ಆಗಸ್ಟಿನಲ್ಲಿ ಎಲ್ಲ ತುಂಬಿಹೋಗಿ, ಕೊನೆಯ ವಾರದಲ್ಲಿ ಒಂದೇ ಸೀಟು ಖಾಲಿ ಉಳಿದಿತ್ತು. ಆ ವಾರ ಕಲ್ಯಾಣದುರ್ಗದ ಇಂಟರ್ನೆಟ್ ಸೆಂಟರಿನ ಲೈನು ಸತ್ತಿತ್ತು. ಮಾರನೆಯ ಬೆಳಿಗ್ಗೆ ಹಿಂದೂಪುರಕ್ಕೆ ಹೋಗಿ ಆ ಸೀಟು ಹಿಡಿಯುತ್ತೇನೆಂದು ಊಟದ ಹೊತ್ತಿನಲ್ಲಿ ಹೇಳಿದೆ.

"ಒಂದು ನೆಲ ಮುಂದಕ್ಕಾ?" ಅಂದರು ಬಡಿಸುತ್ತಿದ್ದ ಸರೋಜಮ್ಮ. "ಅಂದ್ರೆ ನಮ್ಮ ಡಾಕ್ಟ್ರಮ್ಮಂಗೂ ನೆಲ ತಪ್ತು ಅನ್ನಿ."

"ಮದುವೆ ಆಗದ ಹುಡುಗಿಗೆ ಏನ್ ಮಾತು ಅಂತ ಆಡ್ತೀಯ" ಎಂದು ಅಜ್ಜಿ ಗದರಿದರು. ಚಿಕ್ಕಮ್ಮ ನಗಲಿಲ್ಲ. ನನ್ನ ಮುಖ ನೋಡಿ, "ಹೆದರಿ ಮುಂದೂಡ್ತಾ ಇದೀಯೋ, ಓದು ಆಗಿಲ್ಲ ಅಂತ ಮುಂದೂಡ್ತಾ ಇದೀಯೋ? ಅಷ್ಟು ತಿಳ್ಕೊಂಡು ಹೋಗು" ಅಂದಳು. ನಾನು ಮಜ್ಜಿಗೆ ಕುಡಿದೆದ್ದೆ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಬೆಳುಗುಪ್ಪದಲ್ಲಿ ನಡೆಯುತ್ತಿದ್ದ ಆಪರೇಷನ್ ಕ್ಯಾಂಪಿಗೆ ಹೋದಳು. ಮೋಡ ಕವಿದಿತ್ತು, ಗಾಳಿ ಬೀಸುತ್ತಿತ್ತು, ಮಳೆ ಮಾತ್ರ ಬರುವ ಹಾಗೆ ಮಾಡಿ ಬರುತ್ತಿರಲಿಲ್ಲ. ನಾನು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲು ಇಳಿಯುತ್ತಿದ್ದಾಗ ಒಂದು ಜೀಪು ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ಹನುಮಕ್ಕನ ಗಂಟಲು.

"ಡಾಕ್ಟ್ರಮ್ಮ, ಎಂಟಕ್ಕೇ ನೋವು ಬಂದ್ಬುಟ್ಟೈತೆ! ನಮ್ ಕೂಸು ಉಳೀಕಿಲ್ಲ ಕಣಮ್ಮ!"

ರತ್ನ ಜೀಪಿನ ಸೀಟನ್ನು ಹಿಡಿದುಕೊಂಡು ತುಟಿ ಕಚ್ಚುತ್ತಿದ್ದಳು. ಬೆಂಗಳೂರಿನಿಂದ ಊರಿಗೆ ಬಂದು ವಾರವಾಗಿತ್ತಷ್ಟೆ, ಅಲ್ಲಿ ಯಾರಿಗೂ ತೋರಿಸಿರಲಿಲ್ಲ. ಆ ಕಡೆಯವರಿಗೆ ಎಂಟನೇ ತಿಂಗಳೆಂದರೆ ದೊಡ್ಡ ದಿಗಿಲು. ಏಳಕ್ಕೆ ಹುಟ್ಟಿದರೆ ಉಳಿಯಬಹುದು, ಎಂಟಕ್ಕೆ ಹುಟ್ಟಿದರೆ ಇಲ್ಲ ಎಂದು ನಂಬುತ್ತಾರೆ. ಅದು ಸುಳ್ಳು ನಂಬಿಕೆ. ಆದರೆ ನಿಜವಾಗಿ ತಿಂಗಳು ತುಂಬದ ಮಗುವಾದರೆ ಅದನ್ನು ಬೆಚ್ಚಗಿಡಲು, ಉಸಿರಾಟಕ್ಕೆ ನೆರವಾಗಲು ಚಿಕ್ಕಮ್ಮನ ಆಸ್ಪತ್ರೆಯಲ್ಲಿ ಒಂದು ಬಲ್ಬಿನ ಪೆಟ್ಟಿಗೆ ಬಿಟ್ಟು ಏನೂ ಇರಲಿಲ್ಲ. ರತ್ನಳ ಗಂಡ ಜೀಪಿನ ಇಂಜಿನ್ನು ಆರಿಸದೆ, "ಅನಂತಪುರಕ್ಕೇ ಹೋಯ್ತೀವಿ, ಒಂದು ಚೀಟಿ ಬರ್ಕೊಡಿ ಸಾಕು" ಅಂತ ನಿಂತಿದ್ದ.

ಒಳಗೆ ಮಲಗಿಸಿ ನೋಡಿದೆವು. "ಗರ್ಭದ ಬಾಯಿ ಆಗ್ಲೇ ಬಿಟ್ಕೊಂಡೈತೆ. ಅನಂತಪುರಕ್ಕೆ ಹೊರಟ್ರೆ ದಾರೀಲೇ ಆಗ್ಬುಡ್ತೈತೆ" ಅಂದರು ಸರೋಜಮ್ಮ. ಚಿಕ್ಕಮ್ಮನಿಗೆ ಫೋನು ಮಾಡಿದರೆ ಸಿಗುತ್ತಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ರತ್ನಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಸಣ್ಣ ಮೈಯ ಹುಡುಗಿ, ಹೊಟ್ಟೆಯೂ ಸಣ್ಣದೇ. ಆದರೆ ತಲೆ ಗಟ್ಟಿಯಾಗಿ ಕೆಳಗೆ ಕೂತಿತ್ತು, ಬೆನ್ನು ಉದ್ದವಾಗಿ ಅಂಗೈಗೆ ಸಿಗುತ್ತಿತ್ತು. ನನ್ನ ಕೈ ಒಂಬತ್ತು ಅನ್ನುತ್ತಿತ್ತು, ಹನುಮಕ್ಕನ ಬಾಯಿ ಎಂಟು ಅನ್ನುತ್ತಿತ್ತು. ನನ್ನ ಕೈಯನ್ನು ನಾನು ನಂಬಬೇಕೋ ಬೇಡವೋ?

ಆಗ ನೆನಪಾಯಿತು. ರತ್ನಳ ಕಾಲಿಗೆ ನಾನು ಪಟ್ಟಿ ಕಟ್ಟಲು ಹೋದ ದಿನ ಯಾವುದೆಂದು ನನಗೆ ಮರೆಯುವ ಹಾಗೇ ಇರಲಿಲ್ಲ. ಅದು ಸ್ಟೆಪ್ ಒನ್ ಅಂಕ ಬಂದ ದಿನ. ಅವತ್ತಿಗೆ ಒಂದು ತಿಂಗಳು ತಪ್ಪಿತ್ತು. ಬೆರಳು ಮಡಿಸಿ ಎಣಿಸಿದೆ. ಎಂಟಾಗಲು ಸಾಧ್ಯವೇ ಇಲ್ಲ.

"ಹನುಮಕ್ಕ, ನೀವು ಹೇಗೆ ಎಣಿಸಿದ್ರಿ, ಹೇಳಿ ನೋಡೋಣ."

"ಹೆಂಗೆ ಅಂದ್ರೆ? ಅಮಾಸೆಯಿಂದ ಅಮಾಸೆಗೆ. ಕಾರ್ತೀಕ ಒಂದು, ಮಾರ್ಗಶಿರ ಎಲ್ಡು…" ಅವಳೂ ಬೆರಳು ಮಡಿಸಿದಳು. ಪುಷ್ಯ, ಮಾಘ, ಫಾಲ್ಗುಣ, ಚೈತ್ರ, ವೈಶಾಖ. "ಜೇಷ್ಠಕ್ಕೆ ಎಂಟು. ಆಷಾಢ ಇನ್ನೂ ನಡೀತಾ ಐತೆ."

"ಜ್ಯೇಷ್ಠ ಈ ವರ್ಷ ಎಷ್ಟು ಬಂತು?"

"ಎಲ್ಡು. ಅಧಿಕ ಒಂದು, ನಿಜ ಒಂದು."

"ಎರಡನ್ನೂ ಹಿಡಿದ್ರಾ?"

ಹನುಮಕ್ಕ ನನ್ನನ್ನು ಏನೂ ತಿಳಿಯದ ಮಗುವನ್ನು ನೋಡಿದ ಹಾಗೆ ನೋಡಿದಳು. "ಅಧಿಕನ ಯಾರಾರ ಹಿಡೀತಾರಾ? ಲಗ್ನಕ್ಕಿಲ್ಲ, ಮುಹೂರ್ತಕ್ಕಿಲ್ಲ. ಅದು ಲೆಕ್ಕಕ್ಕೇ ಇಲ್ಲದ ತಿಂಗ್ಳು ಕಣಮ್ಮ."

ಸರೋಜಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. "ನಿಮ್ಮ ಲೆಕ್ಕಕ್ಕಿಲ್ಲ ಹನುಮಕ್ಕ, ಹೊಟ್ಟೆಯೊಳಗಿರೋದಕ್ಕೆ ಇದೆ. ಅದು ಅಧಿಕದಲ್ಲೂ ಸುಮ್ಮನೆ ಕೂತಿಲ್ಲ, ಬೆಳೆದಿದೆ. ಇದು ಎಂಟಲ್ಲ. ತಿಂಗಳು ತುಂಬಿದೆ. ಜೀಪು ಆರಿಸೋಕೆ ಹೇಳಿ" ಅಂದೆ. ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಯಾರ ಮುಂದೆಯೂ ಮಾತಾಡಿರಲಿಲ್ಲ.

ಹಿಂದೂಪುರದ ಬಸ್ಸು ಹಾರನ್ ಹೊಡೆಯುತ್ತ ಆಸ್ಪತ್ರೆಯ ಮುಂದೆಯೇ ಹಾದುಹೋಯಿತು. ಕೇಳಿಸಿತು, ಅಷ್ಟೆ. ಅದಾದ ಸ್ವಲ್ಪ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟುತ್ತಲೇ ಹನುಮಕ್ಕನ ಗಂಟಲು ತನಗೇ ಬಂದಿದೆ ಅನ್ನುವ ಹಾಗೆ ಅತ್ತಿತು. ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅಂಗಾಲು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ತಿಂಗಳು ತುಂಬಿದ ಮಗುವಿನ ಅಂಗಾಲಲ್ಲಿ ಹಿಮ್ಮಡಿಯವರೆಗೂ ಗೆರೆಗಳಿರುತ್ತವೆ. ಮೊದಲೇ ಹುಟ್ಟಿದ್ದರೆ ನುಣುಪಾಗಿರುತ್ತದೆ. ಆ ಪುಟ್ಟ ಪಾದದ ತುಂಬ ಗೆರೆಗಳು.

"ಮಳ್ಳೀ ಕಾಲೇನಾ? ಮತ್ತೆ ಕಾಲೇನಾ ನೋಡ್ತಾ ಇರೋದು?" ಅಂದರು ಸರೋಜಮ್ಮ. ಸುಸ್ತಾಗಿ ಮಲಗಿದ್ದ ರತ್ನಳೂ ನಕ್ಕಳು.

ಹನುಮಕ್ಕ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಅಂಗಾಲನ್ನು ಬೆರಳಿನಿಂದ ಸವರಿದಳು. ಗಂಟಲು ತಗ್ಗಿತ್ತು. "ಒಂದ್ ತಿಂಗ್ಳು ಯಾರಿಗೂ ಕಾಣ್ದಂಗೆ ಬೆಳೆದ್ಬುಟ್ಟವ್ಳೆ ನೋಡು ಕಳ್ಳಿ" ಅಂದಳು. ಅವಳು ಅಳುವುದನ್ನು ನೋಡಿ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಚಿಕ್ಕಮ್ಮ ಬಂದಾಗ ಮಧ್ಯಾಹ್ನ ಕಳೆದಿತ್ತು. ಎಲ್ಲ ಕೇಳಿಸಿಕೊಂಡು ಮಗುವನ್ನು ನೋಡಿ, "ಅಧಿಕಲಕ್ಷ್ಮಿ ಅಂತ ಹೆಸರಿಡಿ" ಅಂತ ತಮಾಷೆ ಮಾಡಿದಳು. ಮಾರನೆಯ ದಿನ ನಾನು ಹಿಂದೂಪುರಕ್ಕೆ ಹೋದೆ. ಕಂಪ್ಯೂಟರಿನ ಮುಂದೆ ಕೂತರೆ ಆಗಸ್ಟಿನ ಆ ಒಂದು ಸೀಟೂ ಹೋಗಿತ್ತು. ಮೂರು ತಿಂಗಳ ಅವಧಿಯಲ್ಲಿ ನನಗೆ ಉಳಿದದ್ದು ಆಷಾಢದ ಆ ದಿನ ಮಾತ್ರ. ಸೆಂಟರಿನ ಹೊರಗೆ ಬಂದು, ಮಾರುಕಟ್ಟೆಯ ವಾಸನೆಗೆ ಸೀನುತ್ತ, ಅಳುತ್ತ ನಿಂತೆ. ನೋಡಿದವರು ಮೆಣಸಿನಕಾಯಿ ಘಾಟು ಅಂದುಕೊಂಡಿರಬೇಕು.

ವಾಪಸು ಬಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. "ಮೊನ್ನೆಯವರೆಗೂ ಬೆಳಗಿನ ಹೊತ್ತೆಲ್ಲ ದಂಡ ಆಯ್ತು ಅಂತ ಮುಖ ಊದಿಸ್ಕೊಂಡಿದ್ದೆ. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿನ್ನೆ ಆ ಹುಡುಗಿ ಹೊಟ್ಟೆ ಮುಟ್ಟಿ ಹೇಳಿದ್ಯಲ್ಲ, ಅದನ್ನ ಯಾವ ಪುಸ್ತಕದಲ್ಲಿ ಓದಿದ್ದೆ? ನೀನೂ ಹನುಮಕ್ಕನ ಲೆಕ್ಕಾನೇ ಹಾಕ್ತಾ ಇದೀಯ. ಹೋಗಿ ಬರೆದು ಬಾ" ಅಂದಳು.

ಹೋದೆ. ಅಜ್ಜಿ ಆಷಾಢವನ್ನು ಬೈದುಕೊಳ್ಳುತ್ತಲೇ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದರು. ಸ್ಟೆಪ್ ಟೂ ಅನ್ನುವುದು ರೋಗಿಗಳ ಪರೀಕ್ಷೆ. ಪ್ರಶ್ನೆಯೆಂದರೆ ಒಬ್ಬರ ಕಥೆ: ಇಂಥ ವಯಸ್ಸಿನ ಹೆಂಗಸು ಇಂಥ ತೊಂದರೆ ಹೇಳಿಕೊಂಡು ಬಂದಿದ್ದಾಳೆ, ಈಗೇನು ಮಾಡುತ್ತೀರಿ? ಮೊದಲ ಒಂದು ಗಂಟೆ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಿದೆ. ಆಮೇಲೆ ಆ ಇಂಗ್ಲಿಷ್ ವಾಕ್ಯಗಳ ಹಿಂದೆ ಬೆಳುಗುಪ್ಪದ ಮಂಡಿನೋವಿನ ಮುದುಕಿ ಕಂಡಳು, ರತ್ನ ಕಂಡಳು. ಇವರನ್ನೆಲ್ಲ ನಾನು ಬಲ್ಲೆ ಅನ್ನಿಸಿತು. ಸಂಜೆ ಹೊರಗೆ ಬಂದಾಗ ಬೆಂಗಳೂರಿನಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಆಗಸ್ಟ್ ಕೊನೆಗೆ ಅಂಕ ಬಂತು. ಮೊದಲನೆಯದಕ್ಕಿಂತ ಬಹಳ ಮೇಲಿತ್ತು. ಅರ್ಜಿ ತೆರೆಯುವ ಹೊತ್ತಿಗೆ ಎರಡೂ ಅಂಕ ಅದರಲ್ಲಿದ್ದವು. ಹಾಗೆಂದು ಎಲ್ಲ ಬಾಗಿಲೂ ತೆರೆಯಲಿಲ್ಲ. ನಾನು ಆಸೆಪಟ್ಟ ಹೆಸರಾಂತ ಆಸ್ಪತ್ರೆಗಳು ಉತ್ತರವನ್ನೇ ಬರೆಯಲಿಲ್ಲ. ಸಂದರ್ಶನಕ್ಕೆ ಕರೆದ ಕೆಲವರಲ್ಲಿ ಒಂದು ಕಡೆ ಬಿಳಿ ಕೂದಲಿನ ಹಿರಿಯ ವೈದ್ಯೆ ನನ್ನ ಅರ್ಜಿಯ ಮೇಲೆ ಬೆರಳಿಟ್ಟು, ಓದು ಮುಗಿದ ಮೇಲೆ ಒಂದು ವರ್ಷ ಖಾಲಿ ಇದೆಯಲ್ಲ, ಏನು ಮಾಡುತ್ತಿದ್ದೆ ಅಂತ ಕೇಳಿದರು. ಇದಕ್ಕೆ ರಾಗಿಣಿ ಒಂದು ಒಳ್ಳೆಯ ಉತ್ತರ ಬಾಯಿಪಾಠ ಮಾಡಿಸಿದ್ದಳು. ಅದು ಆ ಹೊತ್ತಿಗೆ ಮರೆತೇಹೋಯಿತು. ಕಾಲಿಗೆ ಪಟ್ಟಿ ಕಟ್ಟಿದ್ದು, ಲೆಕ್ಕಕ್ಕಿಲ್ಲದ ತಿಂಗಳು, ಅಂಗಾಲಿನ ಗೆರೆ, ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮುಂದಿನ ವರ್ಷ ನಾನು ಮಕ್ಕಳ ವೈದ್ಯಕೀಯ ಓದಲು ಸೇರಿದ್ದು ಅಲ್ಲಿಗೇ. ಹಲವು ವರ್ಷ ಕಲಿತು ಬಂದು, ಈಗ ಬೆಂಗಳೂರಿನಲ್ಲಿ, ಬೇಗ ಹುಟ್ಟಿದ ಮಕ್ಕಳ ನಡುವೆ ಇದ್ದೇನೆ. ದಿನಾ ಅಂಗಾಲು ನೋಡುವುದೇ ನನ್ನ ಕೆಲಸ.

ಬಸ್ಸು ಕಲ್ಯಾಣದುರ್ಗ ತಲುಪಿದಾಗ ಬಿಸಿಲು ಏರಿತ್ತು. ಅಜ್ಜಿ ಈಗಿಲ್ಲ. ಸರೋಜಮ್ಮ ಮಗಳ ಊರು ಸೇರಿಕೊಂಡಿದ್ದಾರೆ. ಆಸ್ಪತ್ರೆಯ ಬೋರ್ಡನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ್ದರು. ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು, ಅವಳ ಹಿಂದೆ ಇನ್ನೂ ಮೂವರು. ಕೋಲೂರಿ ನಿಂತವಳು ಹನುಮಕ್ಕ. ಮೈತುಂಬಿಕೊಂಡವಳು ರತ್ನ. ಮೂರನೆಯವಳು ಎತ್ತರದ ಹುಡುಗಿ. ಅಧಿಕಲಕ್ಷ್ಮಿ ಅನ್ನುವ ಹೆಸರನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಿದ್ದಿ ಆದಿಲಕ್ಷ್ಮಿ ಮಾಡಿದ್ದರಂತೆ. ಹಿಂದೂಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ನಾನು ಬರುತ್ತೇನೆಂದು ಚಿಕ್ಕಮ್ಮ ಹೇಳಿಕಳಿಸಿ ಮೂವರನ್ನೂ ಕರೆಸಿದ್ದಳು.

"ಇವ್ರೇ ಕಣಮ್ಮ ನೆಲ ಡಾಕ್ಟ್ರಮ್ಮ" ಎಂದು ರತ್ನ ಮಗಳಿಗೆ ತೋರಿಸಿದಳು.

ನಾನು ಅವಳ ಮುಖವನ್ನೇ ನೋಡುತ್ತ ಹತ್ತುತ್ತಿದ್ದೆ. ಆ ಹಳೆಯ ಮೆಟ್ಟಿಲುಗಳಲ್ಲಿ ಕೊನೆಯದು ಉಳಿದವಕ್ಕಿಂತ ಸ್ವಲ್ಪ ಎತ್ತರ. ಒಂದು ಕಾಲದಲ್ಲಿ ಕಣ್ಣುಮುಚ್ಚಿ ಹತ್ತುತ್ತಿದ್ದೆ. ಈಗ ಮರೆತಿತ್ತು. ಕಾಲು ತೊಡರಿ ಮುಂದಕ್ಕೆ ಮುಗ್ಗರಿಸಿದೆ. ನಾನು ಬೀಳುವಷ್ಟರಲ್ಲಿ ಹುಡುಗಿ ಎರಡು ಹೆಜ್ಜೆ ಮುಂದೆ ಬಂದು ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಬಿಗಿ ಹಿಡಿತ.

ಹನುಮಕ್ಕ ಕೋಲಿನ ಮೇಲೆ ಭಾರ ಹಾಕಿ ಬಗ್ಗಿ ನೋಡಿದಳು. ಗಂಟಲು ಇನ್ನೂ ಹಾಗೇ ಇತ್ತು.

"ಈಗ ಯಾರಿಗಮ್ಮ ನೆಲ ತಪ್ಪಿದ್ದು?" ಅಂದಳು.

ಚಿಕ್ಕಮ್ಮ ನಗುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರತ್ನ ಅವತ್ತಿನ ಹಾಗೇ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ಮಾತ್ರ ನಗದೆ, ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಒತ್ತಿ, "ಇಲ್ಲಿ ನೋವೈತಾ ಮೇಡಂ?" ಅಂತ ಕೇಳಿದಳು.